ನಮ್ಮ ಬೀದಿಗೆ ನಾನು ತಂದ ರೋಮ್

ರೋಮ್ ಸಾಮ್ರಾಜ್ಯ ಬಿದ್ದು ಯಾವ ಕಾಲವಾಯಿತೋ. ನನ್ನ ತಲೆಯ ಮೇಲೆ ಮಾತ್ರ ಈಗಲೂ ಆಗಾಗ ಬೀಳುತ್ತಿರುತ್ತದೆ. ತಪ್ಪು ರೋಮಿನದಲ್ಲ. ರಾಜಾಜಿನಗರದ ಕಾಲೇಜೊಂದರಲ್ಲಿ ಜೀವನವೆಲ್ಲ ಅದನ್ನೇ ಪಾಠ ಮಾಡಿ, ನಿವೃತ್ತನಾದ ಮೇಲಾದರೂ ಬಾಯಿ ಮುಚ್ಚಬೇಕಿತ್ತು. ಮಾತು ಕಮ್ಮಿಯವನು ನಾನು. ಆಡಿದ ನಾಲ್ಕು ಮಾತಿಗೇ ಇಷ್ಟಾಯಿತು.

ಬಿಳಿ ಬಟ್ಟೆ

ರೋಮಿನಲ್ಲಿ ಚುನಾವಣೆಗೆ ನಿಂತವನು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಬಟ್ಟೆ ತೊಟ್ಟು, ಕಂಡಕಂಡವರ ಕೈ ಕುಲುಕುತ್ತಾ ಓಡಾಡುತ್ತಿದ್ದ. ಪ್ರತಿವರ್ಷ ಇದನ್ನು ಹೇಳಿ ಹುಡುಗರನ್ನು ನಗಿಸುತ್ತಿದ್ದೆ.

ನಿವೃತ್ತಿಯ ದಿನ ಕಾಲೇಜಿನವರು ಬಿಳಿ ಪಂಚೆ, ಬಿಳಿ ಶರಟು ಕೊಟ್ಟರು. ಸುಂಕದಕಟ್ಟೆಯ ನಮ್ಮ ಹೊಸ ಬಡಾವಣೆಯಲ್ಲಿ ಅದನ್ನು ಉಟ್ಟು ಹಾಲಿಗೆ ಹೊರಟೆ. ಊರಲ್ಲಿ ಚುನಾವಣೆಯ ಕಾಲ. ಎದುರು ಮನೆಯವರು ಓಡಿ ಬಂದು ಮೋರಿ ಕಟ್ಟಿಕೊಂಡಿದೆ ಎಂದರು. ನೋಡೋಣ ಎಂದೆ. ಇನ್ನೊಬ್ಬರು ಬೀದಿದೀಪ ಇಲ್ಲ ಎಂದರು. ಆಗಲಿ ಎಂದೆ. ಹಾಲಿನಂಗಡಿಯವನು ಎದ್ದು ನಿಂತು ಕೈ ಮುಗಿದ.

'ಯಾವ ಪಾರ್ಟಿ ಸಾರ್?'

'ಯಾವುದೂ ಇಲ್ಲ.'

'ಓ, ಪಕ್ಷೇತರಾನಾ? ಹಂಗಾದ್ರೆ ಹಾಲಿನ ಕಾಸು ಈಗ್ಲೇ ಕೊಟ್ಬಿಡಿ.'

ಅರ್ಧ ಪೌರರು

ಆದರೂ ಬಿಳಿ ಬಟ್ಟೆ ಕೆಲಸ ಮಾಡಿತ್ತು. ಬೀದಿಯ ಸಂಘಕ್ಕೆ ನಿಯಮ ಬರೆದುಕೊಡಿ ಎಂದು ಮನೆಗೇ ಬಂದರು. ನಮ್ಮಲ್ಲಿಗೆ ಆಗಿನ್ನೂ ಕಾವೇರಿ ನೀರು ಬಂದಿರಲಿಲ್ಲ. ಸಂಘದ ಒಂದು ಬೋರ್‌ವೆಲ್, ಒಂದು ಟ್ಯಾಂಕು. ಇಡೀ ಬೀದಿಯ ಜೀವ ಅದರಲ್ಲಿ.

ರೋಮನ್ನರು ತಾವು ಗೆದ್ದ ಕೆಲವು ಊರುಗಳಿಗೆ ಮತವಿಲ್ಲದ ಪೌರತ್ವ ಕೊಡುತ್ತಿದ್ದರು. ಕರ್ತವ್ಯಗಳೆಲ್ಲ ಉಂಟು, ಮತ ಮಾತ್ರ ಇಲ್ಲ. ಬಾಡಿಗೆಯವರಿಗೆ ಅದನ್ನೇ ಬರೆದೆ. ಸ್ವಂತ ಮನೆಯವರಿಗೆ ಮನೆಗೊಂದು ಮತ, ಅದೂ ಯಜಮಾನನಿಗೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವನು ಬಾಗಲಕೋಟೆ ಕಡೆಯವನು. ಸಭೆಯಲ್ಲಿ ಎದ್ದ.

'ಅಂದ್ರ, ಟ್ಯಾಂಕ್ ತೊಳಿಯಾಕ ನಾವು ಬರಬೇಕು. ಮೀಟಿಂಗಿನ್ಯಾಗ ಕೈ ಎತ್ತಬಾರದು. ಹೌದಲ್ರಿ ಸರ?'

'ಹೌದು.'

'ನಮ್ಮ ಕಡೆ ಇದಕ್ಕ ಮನಿ ಅಳಿಯ ಅಂತೀವ್ರಿ.'

ಸಭೆ ನಕ್ಕಿತು. ನನ್ನ ಹೆಂಡತಿ ಸ್ವಲ್ಪ ಜಾಸ್ತಿಯೇ ನಕ್ಕಳು. ನಮ್ಮ ಮನೆಯ ಸೈಟು ಮಾವನವರು ಕೊಟ್ಟದ್ದು.

ಇಬ್ಬರು ಅಧ್ಯಕ್ಷರು

ರೋಮಿನಲ್ಲಿ ಅಧಿಕಾರದ ತುದಿಯಲ್ಲಿ ಇಬ್ಬರು ಕಾನ್ಸಲ್‌ಗಳು. ಇಬ್ಬರೂ ಸಮ. ಒಬ್ಬ 'ಬೇಡ' ಎಂದರೆ ಇನ್ನೊಬ್ಬನ ಕೆಲಸ ಅಲ್ಲಿಗೇ ನಿಂತಿತು. ಯಾರೂ ರಾಜನಾಗಿ ಮೆರೆಯಬಾರದೆಂದು ಈ ಏರ್ಪಾಡು. ನಾನೂ ಸಂಘಕ್ಕೆ ಇಬ್ಬರು ಅಧ್ಯಕ್ಷರನ್ನಿಟ್ಟೆ. ಒಬ್ಬರು, ಬಡಾವಣೆ ಆಗುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದ ಗೌಡರು. ಇನ್ನೊಬ್ಬರು, ಮಾಗಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿ ಸಾಹುಕಾರರು.

ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟಿತು.

'ಹೊಸದು ಹಾಕ್ಸೋಣ' ಎಂದರು ಸಾಹುಕಾರರು.

'ನಿಮ್ ಅಂಗಡೀದೇ ತಾನೆ? ಬೇಡ. ವೈಂಡಿಂಗ್ ಮಾಡ್ಸೋಣ' ಎಂದರು ಗೌಡರು.

'ನಿಮ್ ಬಾಮೈದನ ಹತ್ರ ತಾನೆ? ಬೇಡ.'

ಮರುದಿನವೂ ಇದೇ ಮಾತು. ಅದರ ಮರುದಿನವೂ. ಟ್ಯಾಂಕಿನ ತಳ ಕಾಣುತ್ತಿತ್ತು. ನನಗೋ ಒಳಗೊಳಗೇ ಹಿಗ್ಗು. ಜೀವಮಾನವೆಲ್ಲ ಬೋರ್ಡಿನ ಮೇಲೆ ಬರೆದದ್ದು ಕಣ್ಣೆದುರು ನಡೆಯುತ್ತಿತ್ತು.

'ನೋಡಿದ್ರಾ, ವ್ಯವಸ್ಥೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತಾ ಇದೆ' ಎಂದೆ.

ಹಿಂದಿನ ಸಾಲಿನಿಂದ ಯಾರೋ ಹೇಳಿದರು: 'ಮೋಟಾರ್ ಮಾಡ್ತಿಲ್ವಲ್ಲ ಸಾರ್.'

ಬಂಡೆ

ಹೆಂಡತಿ ಖಾಲಿ ಬಿಂದಿಗೆ ತಂದು ನನ್ನ ಮುಂದೆ ಕುಕ್ಕಿದಳು.

'ರೋಮಲ್ಲಿ ಹೆಂಗಸರಿಗೆ ಓಟಿತ್ತೇನ್ರೀ?'

'ಪೌರತ್ವ ಇತ್ತು. ಓಟಿರಲಿಲ್ಲ.'

'ನೀರು ಯಾರು ಹೊರ್ತಿದ್ರು?'

'ಅದು ಸಿಲಬಸ್‌ನಲ್ಲಿರಲಿಲ್ಲ.'

ಬೆಳಿಗ್ಗೆ ಎದ್ದರೆ ಬೀದಿಯಲ್ಲಿ ಒಬ್ಬ ಹೆಂಗಸೂ ಇಲ್ಲ. ಒಲೆಗಳು ತಣ್ಣಗಿದ್ದವು. ಬೀದಿಯ ಹಿಂದೆ ಒಂದು ಬಂಡೆ, ಮೇಲೊಂದು ಆಂಜನೇಯನ ಗುಡಿ, ಗುಡಿಗೆ ಸ್ವಂತ ಬೋರು. ಎಲ್ಲರೂ ಅಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿದ್ದರು.

ತಮ್ಮ ಮಾತು ನಡೆಯದಾದಾಗ ರೋಮಿನ ಸಾಮಾನ್ಯ ಜನ ಹೀಗೇ ಊರು ಬಿಟ್ಟು ಗುಡ್ಡದ ಮೇಲೆ ಹೋಗಿ ಕೂತಿದ್ದರು. ದೊಡ್ಡವರೇ ಹೋಗಿ ಸಮಾಧಾನ ಮಾಡಿ ಕರೆತರಬೇಕಾಯಿತು. ಕೆಲಸದಲ್ಲಿದ್ದಾಗ ಈ ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡು ತಯಾರಿ ಮಾಡುತ್ತಿದ್ದೆ. ತರಕಾರಿ ಹೆಚ್ಚುತ್ತಾ ನನ್ನ ಹೆಂಡತಿ ಕೇಳಿಸಿಕೊಂಡಿದ್ದಳು.

ಇಬ್ಬರು ಅಧ್ಯಕ್ಷರೂ ನಾನೂ ಬಂಡೆ ಹತ್ತಿದೆವು. ಸಾಹುಕಾರರಿಗೆ ಏದುಸಿರು.

'ಏನ್ ಬೇಕಮ್ಮ ನಿಮಗೆ?' ಎಂದರು ಗೌಡರು.

'ನೀರು' ಎಂದಳು ನನ್ನ ಹೆಂಡತಿ. 'ಆಮೇಲೆ ಅದೇನೋ ಟ್ರಿಬ್ಯೂನ್ ಅಂತಾರಲ್ಲ, ಅದು.'

ಟ್ರಿಬ್ಯೂನ್ ಎಂದರೆ ಜನರ ಪರ ನಿಲ್ಲುವ ಅಧಿಕಾರಿ. ಕಾನ್ಸಲ್‌ಗಳಿಗೂ ಅವನು 'ಬೇಡ' ಎನ್ನಬಹುದು. ಬಂಡೆಯ ಮೇಲೆಯೇ ಅವಳನ್ನು ಆರಿಸಿದರು. ಬಾಡಿಗೆ ಮನೆಯ ಹೆಂಗಸರೂ ಕೈ ಎತ್ತಿದರು. ಅವಳು ಅಧ್ಯಕ್ಷರಿಬ್ಬರ ಕಡೆ ತಿರುಗಿ, 'ನಿಮ್ಮಿಬ್ರ ಬೇಡಕ್ಕೂ ಬೇಡ' ಎಂದಳು.

ಸಂಜೆಗೆ ಮೋಟಾರು ಸರಿಹೋಗಿ ನಲ್ಲಿಯಲ್ಲಿ ನೀರು ಬಂತು. ನಾನು ಬಂಡೆಯ ಮೇಲೆ ಒಂದು ತುತ್ತು ಪುಳಿಯೋಗರೆ ಕೇಳಿದ್ದೆ. ಅದು ಓಟಿಲ್ಲದವರಿಗೆ ಮಾತ್ರವಂತೆ.

ಒಂದು ಮೈಲಿ

ಟ್ರಿಬ್ಯೂನ್ ಮನೆಯ ಬಾಗಿಲು ಸದಾ ತೆರೆದಿರಬೇಕು. ಇದನ್ನು ಹೇಳಿಕೊಟ್ಟವನೂ ನಾನೇ. ನನ್ನ ಮಧ್ಯಾಹ್ನದ ನಿದ್ದೆ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ನನಗೆ ಸಕ್ಕರೆ ಕಾಯಿಲೆ. ಸಕ್ಕರೆ ಡಬ್ಬಿಗೆ ಕೈ ಹಾಕಿದರೆ ಒಳಮನೆಯಿಂದ ಅವಳ 'ಬೇಡ' ಕೇಳಿಸುತ್ತಿತ್ತು. ಮೇಲ್ಮನವಿಗೆ ಅವಕಾಶವಿಲ್ಲ.

ಆಗ ಒಂದು ಸಂಗತಿ ನೆನಪಾಯಿತು. ಟ್ರಿಬ್ಯೂನನ ಅಧಿಕಾರ ಊರಿನಿಂದ ಒಂದು ಮೈಲಿಯವರೆಗೆ ಮಾತ್ರ. ಅದರಾಚೆ ಅವನ 'ಬೇಡ' ನಡೆಯದು. ದೇವರ ದಯೆ, ಇದೊಂದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿರಲಿಲ್ಲ.

ವಾಕಿಂಗ್ ಎಂದು ಹೇಳಿ ಮಾಗಡಿ ರಸ್ತೆ ಹಿಡಿದೆ. ಕಾನೂನಿನ ಪ್ರಕಾರ ಇರಲಿ ಎಂದು ಇನ್ನೊಂದು ಬಸ್ ಸ್ಟಾಪು ಹೆಚ್ಚಿಗೇ ನಡೆದೆ. ಕಂಡ ದರ್ಶಿನಿಗೆ ನುಗ್ಗಿ, 'ಒಂದು ಕಾಫಿ. ಸಕ್ಕರೆ ಮುಂದಾಗಿರಲಿ' ಎಂದೆ. ಪೂರ್ಣ ಪೌರನ ಧ್ವನಿ ಅದು.

ಕಾಫಿ ಕೊಡುವವನು ನನ್ನನ್ನೇ ನೋಡಿದ. ಸಕ್ಕರೆ ಹಾಕದೆ ಲೋಟ ಮುಂದಿಟ್ಟ.

'ಸಕ್ಕರೆ?'

'ಬೇಡ್ವಂತೆ ಸಾರ್. ಮೇಷ್ಟ್ರು ಬಂದ್ರೆ ಹಾಕ್ಬೇಡಿ ಅಂತ ಅಮ್ಮಾವ್ರು ನಮ್ಮನೆಯೋಳಿಗೆ ಹೇಳವ್ರೆ. ಅವ್ಳೂ ಬಂಡೆ ಮೇಲಿದ್ಲು. ನಿಮ್ ಬೀದಿ ಕೊನೇ ಮನೆ ನಮ್ದು.'

'ಇಲ್ಲಿ ಅವಳ ಅಧಿಕಾರ ನಡೆಯಲ್ಲಪ್ಪ. ಒಂದು ಮೈಲಿ ದಾಟಿದೆ.'

ಅವನು ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿದ.

'ನಿಮಗೆ ಗೊತ್ತಿಲ್ದೇ ಇರೋದೇನಿದೆ ಸಾರ್. ರಾತ್ರಿ ನಾನು ಹೋಗ್ಬೇಕಾಗಿರೋದು ಆ ಮನೇಗೇ. ನಾನೂ ಮನೆ ಅಳಿಯ.'