ತೂತು ಮಿಲಿಮ್ ನುಂಗಿದ ಹೆಬ್ಬಾತಿನವರಿಗೆ

ತಾರಸಿ ನಿವಾಸಿಗಳಾದ ಮಾನ್ಯ ಹೆಬ್ಬಾತಿನವರೇ,

ತಮ್ಮ ಗರಿಗಳಿಗೆ ಹೊಳಪೂ ಕೊಕ್ಕಿಗೆ ಕೊಂಚ ಬಿಡುವೂ ಸಿಗಲೆಂದು ಹಾರೈಸುತ್ತಾ, ಕೆಳಗಿನ ಮನೆಯ ನಿವೃತ್ತ ಔಷಧ ವ್ಯಾಪಾರಿ ಬಹ್ಗತ್ ದಮನ್ಹೂರಿ ಎಂಬ ನಾನು, ಅಲೆಕ್ಸಾಂಡ್ರಿಯದ ನಮ್ಮ ಓಣಿಯವರೆಲ್ಲ ಓದಲೆಂದು ಈ ದೂರನ್ನು ಮೆಟ್ಟಿಲ ಗೋಡೆಗೆ ಅಂಟಿಸುತ್ತಿದ್ದೇನೆ.

ನನ್ನಲ್ಲಿ ಸುಲ್ತಾನರ ಕಾಲದ ಒಂದು ಮಿಲಿಮ್, ನಡುವೆ ತೂತಿರುವ ಪುಟ್ಟ ನಾಣ್ಯ, ಇದ್ದದ್ದು ತಮಗೆ ಈಗ ಒಳಗಿನಿಂದಲೇ ಗೊತ್ತು. ಅದರ ಸ್ಥಿತಿ 'ಅತ್ಯುತ್ತಮ' ಎಂದು ನಾನೂ, 'ಸಾಧಾರಣ' ಎಂದು ನನ್ನ ಗೆಳೆಯ, ಕ್ಷೌರದಂಗಡಿಯ ರುಶ್ದಿಯೂ ವರ್ಷಗಟ್ಟಲೆ ಜಗಳವಾಡಿದ್ದೆವು. ದೀಪದ ಬೆಳಕಿನಲ್ಲಿ ಎಲ್ಲ ನಾಣ್ಯಗಳೂ ಹರೆಯದವಾಗಿಯೇ ಕಾಣುತ್ತವೆ. ಆದ್ದರಿಂದ ಶುಕ್ರವಾರದ ನಮಾಜಿನ ನಂತರ ತಾರಸಿಯ ಬಿಸಿಲಲ್ಲಿ ಕೊನೆಯ ತೀರ್ಪು ಎಂದು ನಿಶ್ಚಯವಾಯಿತು. ನಾನು ಕರವಸ್ತ್ರದ ಮೇಲೆ ನಾಣ್ಯವನ್ನಿಟ್ಟು, ಭೂತಗನ್ನಡಿ ಒರೆಸಲು ಆ ಕಡೆ ತಿರುಗಿದೆ. ತಾವು ತೀರ್ಪಿಗೆ ಕಾಯಲಿಲ್ಲ.

ತಮ್ಮ ಒಡತಿ ಉಮ್ಮ್ ಸಬ್ರಿಯವರನ್ನು ಅಂಗಲಾಚಿದೆ. "ಮೊಟ್ಟೆ ಇಡೋ ಜೀವ ಅಣ್ಣಾ, ನಿಮ್ಮ ಪುಡಿಗಾಸಿಗೋಸ್ಕರ ಕುಯ್ಯೋಕಾಗಲ್ಲ" ಎಂದರು. ನನ್ನ ಹೆಂಡತಿ ಇನ್ಸಾಫ್, "ಹೋಗ್ಲಿ ಬಿಡ್ರೀ, ಮನೇಲಿ ಯಾರ ಹೊಟ್ಟೆಗೂ ಆಗದ ಕಾಸು ಅದರ ಹೊಟ್ಟೆಗಾದ್ರೂ ಆಯ್ತಲ್ಲ" ಎಂದು ಸಮಾಧಾನ ಹೇಳಿದಳು. ನಗುತ್ತಾನೆಂದು ನಾನು ಎಣಿಸಿದ್ದ ರುಶ್ದಿ ಮಾತ್ರ ನಗಲಿಲ್ಲ. ಪ್ಯಾಂಟು ಮಡಚಿ, ಜರಡಿ ಹಿಡಿದು, ತಮ್ಮ ಹಿಂದೆ ಹಿಂದೆಯೇ ಕುಕ್ಕರಗಾಲಲ್ಲಿ ನಡೆದ.

ತಾವು ಭಾನುವಾರ ಕೃಪೆದೋರಿದಿರಿ. ಹಳೆಯ ನಾಣ್ಯವನ್ನು ತೊಳೆಯುವುದು ಮಹಾಪಾಪವೆಂದು ಊರಿಗೆಲ್ಲ ಬೋಧಿಸಿದ್ದ ನಾನೇ ಅದನ್ನು ನಲ್ಲಿಯ ಕೆಳಗೆ ಹಿಡಿದೆ. ತಮ್ಮ ಹೊಟ್ಟೆಯ ಮರಳು ಕಲ್ಲುಗಳು ಸುಲ್ತಾನರ ಹೆಸರನ್ನು ನುಣ್ಣಗೆ ಅರೆದಿದ್ದವು. ಉಳಿದದ್ದು ತೂತು ಮಾತ್ರ, ಅದು ಅತ್ಯುತ್ತಮ ಸ್ಥಿತಿಯಲ್ಲಿತ್ತು.

ರುಶ್ದಿ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. "ಅತ್ಯುತ್ತಮ ಕಣಯ್ಯಾ ಬಹ್ಗತ್. ಇಷ್ಟು ವರ್ಷ ನಾನೇ ಸರಿಯಾಗಿ ನೋಡಿರ್ಲಿಲ್ಲ" ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ.

ನನ್ನ ನಿಜವಾದ ದೂರು ಇದೇ, ಮಾನ್ಯರೇ. ಅಕ್ಷರ ಹೋದದ್ದನ್ನು ಸಹಿಸಿಯೇನು. ಆದರೆ ನನಗಾಗಿ ಸುಳ್ಳು ಹೇಳದಿದ್ದ ಒಂದೇ ಒಂದು ನಾಲಗೆ ಈ ಊರಲ್ಲಿತ್ತು, ಅದನ್ನೂ ತಾವು ಸವೆಸಿಬಿಟ್ಟಿರಿ. ಮೊನ್ನೆ ಕಿಲುಬು ಹತ್ತಿದ ಐದು ಮಿಲಿಮ್‌ನ ನಾಣ್ಯವೊಂದನ್ನು ತೋರಿಸಿದರೆ ಅದಕ್ಕೂ "ಭಾರೀ ಚೆನ್ನಾಗಿದೆ" ಎಂದ. ಇನ್ನು ನಾನು ಜಗಳವಾಡುವುದು ಯಾರೊಂದಿಗೆ? ಆದ್ದರಿಂದ ತಾವು ದಯಮಾಡಿ ಸುಲ್ತಾನರ ಹೆಸರನ್ನು ಹೊರಹಾಕಬೇಕು, ಇಲ್ಲವೇ ರುಶ್ದಿಯ ಕನಿಕರವನ್ನೂ ನುಂಗಿ ಅರಗಿಸಿಕೊಳ್ಳಬೇಕೆಂದು ಬೇಡುತ್ತೇನೆ.

ತಮ್ಮ ಜೀರ್ಣಶಕ್ತಿಯ ವಿಶ್ವಾಸಿ,
ಬಹ್ಗತ್ ದಮನ್ಹೂರಿ

ವಿ.ಸೂ.: ಉಮ್ಮ್ ಸಬ್ರಿಯವರ ಮಗಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿದೆ. ಗಂಡಿನ ಕಡೆಯವರ ಊಟಕ್ಕೆ ತಾವು ತಕ್ಕವರೇ ಎಂದು ಅವರು ನಿನ್ನೆ ನನ್ನನ್ನೂ ರುಶ್ದಿಯನ್ನೂ ಕೇಳಿದರು. ತಮ್ಮ ತೂಕ, ಮೈಕಟ್ಟು, ಕೊಬ್ಬುಗಳನ್ನು ಹಗಲು ಬೆಳಕಿನಲ್ಲೇ ಪರೀಕ್ಷಿಸಿದೆವು. 'ಅತ್ಯುತ್ತಮ' ಎಂದೆವು, ಇಬ್ಬರೂ ಒಟ್ಟಿಗೆ, ಮನಸಾರೆ.