ಕೊಡೆಯಿಲ್ಲದೆ ಹೋದವನು

ಸಾಮ್ರಾಜ್ಯಗಳು ಹುಟ್ಟಿದ್ದೂ ಮುಳುಗಿದ್ದೂ ನೆಲಕ್ಕಾಗಿ ನಡೆದ ಜಗಳಗಳಿಂದ ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಅವರ ಕಣ್ಣಿಗೆ ಬೀಳದೆ ಹೋದ ಅಂಥದೊಂದು ಜಗಳವನ್ನು ಇಲ್ಲಿ ದಾಖಲಿಸಬೇಕಾಗಿದೆ. ವಿವಾದದ ನೆಲ, ಅಡುಗೆಮನೆಯ ಪಕ್ಕದ ಒಂದು ಕೋಣೆ. ಮಂಚ ಹಾಕಿದರೆ ಬಾಗಿಲು ಮುಚ್ಚದು, ಬಾಗಿಲು ಮುಚ್ಚಬೇಕೆಂದರೆ ಮಂಚ ಹಾಕುವಂತಿಲ್ಲ, ಅಷ್ಟು ವಿಶಾಲ. ಆದ್ದರಿಂದ ಅಲ್ಲಿ ಒಂದು ಬೆತ್ತದ ಕುರ್ಚಿ ಮತ್ತು ಒಂದು ಹಳೆಯ ಕಂಪ್ಯೂಟರ್ ಮಾತ್ರ ಇದ್ದವು. ರಜಾದಿನಗಳಲ್ಲಿ ಲಿಫ್ಟಣ್ಣನೂ ಇರುತ್ತಿದ್ದ.

ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಕಟ್ಟಡದವರೆಲ್ಲ ಅವನನ್ನು ಹಾಗೆ ಕರೆಯುತ್ತಿದ್ದರು. ವಾರವಿಡೀ ಊರಿನವರನ್ನು ಮೇಲೆ ಕಳಿಸಿ ಕೆಳಗಿಳಿಸುವ ವ್ಯವಸ್ಥೆ ನೋಡಿಕೊಂಡು, ಭಾನುವಾರ ಆ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ರಾಕೆಟ್ ಹಾರಿಸುವ ಆಟ ಆಡುತ್ತಿದ್ದ. ಇಡೀ ಮನೆಯಲ್ಲಿ ಅವನು ಚಿಲಕ ಹಾಕಿಕೊಂಡರೆ "ಇನ್ನೂ ಎಷ್ಟು ಹೊತ್ತು?" ಎಂದು ಯಾರೂ ಹೊರಗಿನಿಂದ ಕೂಗದ ಬಾಗಿಲು ಅದೊಂದೇ.

ಆ ಭಾನುವಾರ ಊಟಕ್ಕೆ ಬಂದಿದ್ದ ಭಾಮೈದ ಕೈ ಒರೆಸಿಕೊಳ್ಳುತ್ತ ಮಾತು ತೆಗೆದ.

"ಭಾವ, ಟ್ರೆಡ್‌ಮಿಲ್ ತಗೊಂಡಿದೀನಿ. ನಮ್ಮನೇಲಿ ಜಾಗ ಇಲ್ಲ. ನಿಮ್ಮ ಆ ಚಿಕ್ಕ ಕೋಣೆ ಖಾಲೀನೇ ಇದೆಯಲ್ಲ?"

"ಖಾಲಿ ಎಲ್ಲಿದೆಯೋ? ನಾನಿರ್ತೀನಲ್ಲ."

"ಅವನು ಅದನ್ನೇ ಹೇಳಿದ್ದು" ಎಂದಳು ಹೆಂಡತಿ, ತಟ್ಟೆ ಎತ್ತುತ್ತ.

"ಅಲ್ಲ ಭಾವ, ಇಷ್ಟು ದಿನದಿಂದ ಅಲ್ಲಿ ಕೂತು ಏನು ಕಡಿದು ಕಟ್ಟೆ ಹಾಕಿದ್ರಿ? ಒಂದು ರಾಕೆಟ್ಟಾದ್ರೂ ಮೇಲೆ ನಿಂತಿದೆಯಾ?"

ಮಾತು ಹುಣ್ಣಿನ ಮೇಲೆಯೇ ಬಿತ್ತು. ಒಂದೂ ನಿಂತಿರಲಿಲ್ಲ. ಆ ಆಟ ಶುರುವಿನಲ್ಲಿ ಕೊಡುವುದು ಒಬ್ಬ ಕೂರುವಂಥ ಡಬ್ಬಿ, ಪುಟ್ಟ ಟ್ಯಾಂಕುಗಳು, ಸಾಧಾರಣ ಎಂಜಿನ್ನು, ಪುಟ್ಟ ರೆಕ್ಕೆಗಳು, ಒಮ್ಮೆ ಹೊತ್ತಿಸಿದರೆ ಆರಿಸಲಾಗದ ಪಟಾಕಿಯಂಥ ಕೊಳವೆಗಳು ಮತ್ತು ಒಂದು ಪ್ಯಾರಾಚೂಟ್. ಸಾಧನೆ ಮಾಡಿದವರಿಗೆ ಒಳ್ಳೆಯ ಸಾಮಾನು ಸಿಗುತ್ತದೆ. ಒಳ್ಳೆಯ ಸಾಮಾನಿಲ್ಲದೆ ಸಾಧನೆಯಾಗದು. ಈ ಬಗೆಯ ನ್ಯಾಯ ಲಿಫ್ಟಣ್ಣನಿಗೆ ಕೆಲಸದ ಕಡೆಯಿಂದಲೇ ಚೆನ್ನಾಗಿ ಪರಿಚಯವಿತ್ತು.

"ಇವತ್ತೇ ನಿಲ್ಲಿಸ್ತೀನಿ ನೋಡು. ಭೂಮಿ ಸುತ್ತ ಒಂದು ಪೂರ್ತಿ ಸುತ್ತು!"

"ಇರೋ ಪುಟಗೋಸಿ ಸಾಮಾನಿನಲ್ಲಾ?"

"ಅದರಲ್ಲೇ!"

ಹೆಂಡತಿ ತೀರ್ಪು ಕೊಟ್ಟಳು. "ಸಂಜೆ ಕಾಫಿಯೊಳಗೆ ಸುತ್ತು ಪೂರ್ತಿಯಾದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಟ್ರೆಡ್‌ಮಿಲ್ಲಿಂದು. ಆಮೇಲೆ ಮುಖ ಊದಿಸ್ಕೊಂಡು ಓಡಾಡಬಾರದು."

ಭಾಮೈದ ಅಲ್ಲಿಂದಲೇ ಟೆಂಪೋದವನಿಗೆ ಫೋನ್ ಮಾಡಿ, ಟ್ರೆಡ್‌ಮಿಲ್ ತರಲು ಹೊರಟೇಬಿಟ್ಟ.

ಲಿಫ್ಟಣ್ಣ ಕೋಣೆಗೆ ಹೋಗಿ, ದಾರಕ್ಕೆ ಒಂದು ನಟ್ ಕಟ್ಟಿ ಕಂಪ್ಯೂಟರಿನ ಪರದೆಯ ಮುಂದೆ ಇಳಿಬಿಟ್ಟ. ಅವನ ವೃತ್ತಿಯಲ್ಲಿ ಧರ್ಮವೆಂದರೆ ಒಂದೇ: ನೆಟ್ಟಗಿರಬೇಕು. ಕೂದಲೆಳೆಯಷ್ಟು ವಾಲಿದ ಲಿಫ್ಟು ಗೋಡೆ ಕೆರೆಯುತ್ತದೆ, ಮಾಲೀಕ ತಲೆ ಕೆರೆಯುತ್ತಾನೆ. ರಾಕೆಟ್ಟು ದಾರದ ಗುಂಟ ಒಂದಿಷ್ಟೂ ಆಚೀಚೆಯಾಗದೆ ಮೇಲೇರಿತು, ನಿಂತಿತು, ಹಾಲಿಗೆ ಬಂದವನು ಪಾತ್ರೆ ಮರೆತದ್ದು ನೆನಪಾದಂತೆ ಹಿಂದಿರುಗಿತು.

"ಯಾರಿದು ಅಳಿಯಂದ್ರೇ, ಈ ಹುಡುಗ?"

ಹಿಂದೆ ಅತ್ತೆ ನಿಂತಿದ್ದರು. ಟೀವಿಯಲ್ಲಿ ಧಾರಾವಾಹಿ ಇಲ್ಲದ ದಿನ ಅವರ ಮನಸ್ಸು ಮನೆಯಲ್ಲೆಲ್ಲ ಅಲೆಯುತ್ತಿತ್ತು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಗಗನಯಾತ್ರಿಯ ಮುಖ ಕಾಣುತ್ತಿತ್ತು: ಬಟಾಣಿಯಂಥ ಕಣ್ಣು, ಹೆದರಿಕೆಗೂ ನಗೆಗೂ ನಡುವೆ ಸಿಕ್ಕಿಬಿದ್ದ ಬಾಯಿ.

"ಗಗನಯಾತ್ರಿ ಅತ್ತೆ. ಸುಮ್ನೆ, ಆಟ."

"ಎಷ್ಟು ಹೆದರಿದಾನೆ ಪಾಪ. ಬಿದ್ರೆ?"

"ಬೀಳಲ್ಲ. ಪ್ಯಾರಾಚೂಟ್ ಇದೆ."

ಅಷ್ಟರಲ್ಲಿ ಅದು ಬಿಚ್ಚಿಕೊಂಡು ಡಬ್ಬಿ ಮೆಲ್ಲಗೆ ಇಳಿಯಿತು. "ಓ, ಕೊಡೆ! ಹಾಗಾದ್ರೆ ಸರಿ" ಎಂದ ಅತ್ತೆ ಅಡುಗೆಮನೆಯಿಂದ ಮೋಟು ಸ್ಟೂಲು ತಂದು ಹಾಕಿಕೊಂಡು ಕೂತೇಬಿಟ್ಟರು.

ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಏರುವುದು, ಇಳಿಯುವುದು, ಪ್ರತಿ ಸಲವೂ ಅತ್ತೆಯ "ಕೊಡೆ ಇಟ್ರಾ?" ಅದಾದ ಮೇಲೆ ಮೇಲಿನ ಮಹಡಿಯ ಬಸ್ ಡ್ರೈವರು ಬಾಗಿಲಲ್ಲಿ ಮುಖ ತೋರಿಸಿದ.

"ಲಿಫ್ಟಣ್ಣಾ, ಲಿಫ್ಟು ನಡುವೆ ನಿಂತ್‌ಬಿಟ್ಟಿದೆ."

"ಒಳಗೆ ಯಾರಾದ್ರೂ ಇದಾರಾ?"

"ಯಾರೂ ಇಲ್ಲ."

"ಹಾಗಾದ್ರೆ ಸಂಜೆ ನೋಡ್ತೀನಿ."

ಹೋಗಬೇಕಾದ ಡ್ರೈವರು ಹೋಗಲಿಲ್ಲ. ಇನ್ನೊಬ್ಬರು ಓಡಿಸುವುದನ್ನು ನೋಡಿಕೊಂಡು ಬಾಯಿ ಮುಚ್ಚಿಕೊಂಡಿರುವುದು ಯಾವ ಡ್ರೈವರಿಗೂ ಸಾಧ್ಯವಿಲ್ಲ.

"ಅಯ್ಯೋ, ತಿರುಗಿಸ್ರೀ!"

"ತಿರುಗಿಸಿದ್ರೆ ವಾಲುತ್ತೆ."

"ವಾಲಲಿ ಬಿಡ್ರಿ! ಬೆಟ್ಟಾನ ನೆಟ್ಟಗೆ ಹತ್ತಿದ ಬಸ್ಸು ಎಲ್ಲಾದ್ರೂ ಇದೆಯಾ? ಮೇಲಕ್ಕೆ ಹೋಗಿ ಸುಮ್ನೆ ನಿಲ್ಲೋಕೆ ಅದೇನು ಲಿಫ್ಟಾ?"

"ಲಿಫ್ಟು ನಡುವೇನೇ ನಿಂತಿದೆಯಂತಲ್ಲ" ಎಂದಿತು ಅಡುಗೆಮನೆ.

ಲಿಫ್ಟಣ್ಣನ ಕೈ ಅಲ್ಲೇ ನಿಂತಿತು. ಎಷ್ಟು ಎತ್ತರ ಹೋದರೂ ನೆಟ್ಟಗೆ ಹೋದವನು ನೆಟ್ಟಗೇ ವಾಪಸು ಬರಬೇಕು. ಮೇಲೆ ಉಳಿಯುವವನು ಬೀಳುವುದನ್ನು ತಪ್ಪಿಸಿಕೊಂಡವನಲ್ಲ, ಬೀಳುತ್ತಲೇ ಇರುತ್ತಾನೆ. ಪಕ್ಕಕ್ಕೆ ಎಷ್ಟು ಜೋರಾಗಿ ಹೋಗುತ್ತಿರುತ್ತಾನೆಂದರೆ, ಅವನು ಬೀಳುವಷ್ಟರಲ್ಲಿ ನೆಲವೇ ಬಾಗಿ ಕೆಳಗೆ ಸರಿದಿರುತ್ತದೆ. ಮದುವೆಯಾದಾಗಿನಿಂದ ಈ ಮನೆಯಲ್ಲಿ ತಾನು ಬಾಳಿದ್ದೂ ಹೀಗೆಯೇ ಅಲ್ಲವೇ ಎಂದು ಅವನಿಗೆ ಹೊಳೆಯಿತು. ಯಾವ ಜಗಳದಲ್ಲೂ ನೆಟ್ಟಗೆ ನಿಂತು ಗೆದ್ದದ್ದಿಲ್ಲ. ಪ್ರತಿ ಸಲ ಒಂದಿಷ್ಟು ಪಕ್ಕಕ್ಕೆ ಸರಿದಿದ್ದ, ಅದಕ್ಕೇ ಇನ್ನೂ ನೆಲಕ್ಕೆ ಬಡಿದಿರಲಿಲ್ಲ.

ಅವನು ಎದ್ದು, ವೃತ್ತಿಧರ್ಮಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ದಾರ ಬಿಚ್ಚಿ ನಟ್ಟನ್ನು ಜೇಬಿಗೆ ಹಾಕಿಕೊಂಡ.

ಈ ಸಲ ರಾಕೆಟ್ಟು ಏರುತ್ತ ಏರುತ್ತ ವಾಲಿತು. ಅರ್ಧ ಭೂಮಿ ದಾಟಿ, ಇನ್ನೇನು ಸುತ್ತು ಸಿಕ್ಕಿತು ಎನ್ನುವಾಗ ಇಂಧನ ಮುಗಿದು ಕೊಡೆ ಹಿಡಿದುಕೊಂಡು ಸಮುದ್ರಕ್ಕಿಳಿಯಿತು.

"ಒಂದು ಗುಟುಕು ಸಾಲಲಿಲ್ಲ" ಎಂದು ಡ್ರೈವರು ಲೊಚಗುಟ್ಟಿದ. "ಲಗೇಜು ಕಮ್ಮಿ ಮಾಡ್ರಿ."

ಲಗೇಜು ಎಲ್ಲಿತ್ತು? ರೆಕ್ಕೆ ತೆಗೆದರೆ ಮಗುಚುತ್ತದೆ, ಟ್ಯಾಂಕು ತೆಗೆದರೆ ಏರುವುದಿಲ್ಲ. ಉಳಿದದ್ದು ಒಂದೇ. ಕೆಳಗೆ ರಸ್ತೆಯಲ್ಲಿ ಟೆಂಪೋ ಹಾರ್ನ್ ಹೊಡೆಯಿತು. ಅಡುಗೆಮನೆಯಲ್ಲಿ ಹಾಲು ಒಲೆಯ ಮೇಲೇರಿತು.

"ಕೊಡೆ ಇಟ್ರಾ ಅಳಿಯಂದ್ರೇ?"

"ಹೂಂ ಅತ್ತೆ" ಎಂದ ಲಿಫ್ಟಣ್ಣ, ಅದನ್ನು ತೆಗೆದುಹಾಕುತ್ತ.

ಕೊಳವೆಗಳು ಉರಿದು ಕಳಚಿದವು. ಟ್ಯಾಂಕಿನ ತಳ ಕಂಡಿತು, ಎಂಜಿನ್ನು ಕೊನೆಯ ಹನಿ ಹೀರಿ ಆರಿತು. ಸದ್ದಡಗಿತು. ಪುಟ್ಟ ಡಬ್ಬಿ ನೀಲಿ ಅಂಚಿನ ಮೇಲೆ ತೇಲುತ್ತ ಕತ್ತಲ ಕಡೆಗೆ ಹೋಯಿತು, ಆ ಕಡೆಯಿಂದ ಬೆಳಕಿಗೆ ಬಂತು, ಬೀಳಲಿಲ್ಲ. ಗಗನಯಾತ್ರಿ ಮೊದಲ ಸಲ ಬಾಯ್ತುಂಬ ನಕ್ಕ. ಡ್ರೈವರು ಚಪ್ಪಾಳೆ ತಟ್ಟಿದ.

ಅದೇ ಹೊತ್ತಿಗೆ ಕೆಟ್ಟ ಲಿಫ್ಟನ್ನು ಶಪಿಸುತ್ತ ಟೆಂಪೋದವರೂ ಭಾಮೈದನೂ ಟ್ರೆಡ್‌ಮಿಲ್ಲನ್ನು ಮೆಟ್ಟಿಲಿನಲ್ಲೇ ಹೊತ್ತು ತಂದು ನಡುಮನೆಯಲ್ಲಿ ಇಳಿಸಿದರು. ಹೆಂಡತಿ ಕಾಫಿ ಲೋಟ ಹಿಡಿದು ಬಂದು ಪರದೆ ನೋಡಿದಳು. ಮಾತಿಗೆ ತಪ್ಪುವವಳಲ್ಲ.

"ಕೋಣೆ ನಿಮ್ಮ ಭಾವಂದು ಕಣೋ. ಅದನ್ನ ವಾಪಸ್ ತಗೊಂಡು ಹೋಗು."

"ನಾವಂತೂ ಮತ್ತೆ ಹೊರಲ್ಲಮ್ಮ" ಎಂದು ಟೆಂಪೋದವರು ಇಳಿದೇ ಹೋದರು. ಟ್ರೆಡ್‌ಮಿಲ್ಲು ನಡುಮನೆಯಲ್ಲೇ ಉಳಿಯಿತು. ಇರಲಿ, ಕೋಣೆ ಉಳಿಯಿತಲ್ಲ! ಲಿಫ್ಟಣ್ಣ ಬೆತ್ತದ ಕುರ್ಚಿಯಲ್ಲಿ ಕಾಲು ನೀಡಿದ.

"ಸರಿ, ಸುತ್ತಿಸಿದ್ದಾಯ್ತಲ್ಲ" ಎಂದರು ಅತ್ತೆ. "ಇನ್ನು ಹುಡುಗನ್ನ ಇಳಿಸಿ."

"ಎಣ್ಣೆ ಮುಗಿದಿದೆ ಅತ್ತೆ."

"ಕೊಡೆ ಬಿಚ್ಚಿ ಮತ್ತೆ."

ಡ್ರೈವರಿಗೆ ತುರ್ತಿನ ಕೆಲಸವೊಂದು ನೆನಪಾಯಿತು. ಲಿಫ್ಟಣ್ಣ ಜೇಬಿನಲ್ಲಿದ್ದ ನಟ್ಟನ್ನು ತಿರುವಿದ.

"ಅತ್ತೆ, ಇದು ಬರೀ ಆಟ. ಇದನ್ನ ಅಳಿಸಿ ಹೊಸದು..."

"ಅಳಿಸೋದಾ! ನನ್ನ ಹತ್ರ ಹೂಂ ಅಂದು, ಅವನನ್ನ ಬರಿಗೈಲಿ ಕಳಿಸಿ, ಈಗ ಅಳಿಸೋದಾ! ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರಿಗೂ ನೀವು ಹೀಗೇ ಹೇಳ್ತೀರಾ?"

ಎಷ್ಟು ಹೊತ್ತಾದರೂ ಯಾರನ್ನೂ ನಡುವೆ ಬಿಟ್ಟು ಬಂದವನಲ್ಲ ಅವನು.

"ಏಳಿ" ಎಂದರು ಅತ್ತೆ. ಅವನು ಎದ್ದ. ಅವರು ಕೂತರು. "ಅವನು ಇಳಿಯೋ ತನಕ ನಾನು ಇಲ್ಲೇ. ಇದನ್ನ ಯಾರೂ ಮುಟ್ಟಕೂಡದು. ನೀವಂತೂ ಮುಟ್ಟಲೇಕೂಡದು."

ಲಿಫ್ಟಣ್ಣ ಹೋಗಿ ಕಟ್ಟಡದ ಲಿಫ್ಟು ರಿಪೇರಿ ಮಾಡಿ ಬಂದ. ಭಾಮೈದ ಟ್ರೆಡ್‌ಮಿಲ್ ಒಯ್ಯಲು ಮುಂದಿನ ವಾರ ಬರುತ್ತೇನೆಂದು ಹೇಳಿ ಹೋದ. ಈಗಲೂ ಹಾಗೆಯೇ ಹೇಳುತ್ತಿದ್ದಾನೆ. ಹುಡುಗ ಸುತ್ತುತ್ತಿದ್ದಾನೆ. ಅವನಿಗೆ ಬೆಳಗಾದಾಗಲೆಲ್ಲ ಅತ್ತೆ ಬೆತ್ತದ ಕುರ್ಚಿಯಿಂದಲೇ "ಎದ್ಯೇನಪ್ಪಾ?" ಎನ್ನುತ್ತಾರೆ. ಭಾನುವಾರಗಳಲ್ಲಿ ಲಿಫ್ಟಣ್ಣ ನಡುಮನೆಯಲ್ಲಿ ಟ್ರೆಡ್‌ಮಿಲ್ಲಿನ ಮೇಲೆ ಕೂತು ಪೇಪರ್ ಓದುತ್ತಾನೆ.