ಪಾಡ್ ಮೆಷೀನು ಮತ್ತು ನನ್ನ ದೊಡ್ಡ ಲೋಟ

ಕಾಫಿ ಬೆಳೆಯುವವರ ಮನೆಯಲ್ಲಿ ಒಳ್ಳೆಯ ಕಾಫಿ ಸಿಗುತ್ತದೆ ಎಂದು ನಂಬಿರುವವರೆಲ್ಲ ಕಾಫಿ ಬೆಳೆಯದವರು. ನಾನು ಕೊಡ್ಲಿಪೇಟೆಯ ಹತ್ತಿರ ಹನ್ನೆರಡು ಎಕರೆ ಅರೇಬಿಕಾ ಇಟ್ಟುಕೊಂಡವನು, ಆದ್ದರಿಂದ ಈ ಗುಟ್ಟನ್ನು ಬಿಟ್ಟುಕೊಡಬಾರದು. ಆದರೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಹದವಾಗಿ ಹಣ್ಣಾದ, ಒಂದೊಂದಾಗಿ ಕೈಯಲ್ಲಿ ಬಿಡಿಸಿದ, ಸಿಪ್ಪೆ ತೆಗೆದು ತೊಳೆದು ಕಣದಲ್ಲಿ ದಿನಕ್ಕೆ ಹತ್ತು ಸಲ ಕೈಯಾಡಿಸಿ ಒಣಗಿಸಿದ ಕಾಫಿ ಅಷ್ಟೂ ಮೂಟೆಯಾಗಿ ಲಾರಿ ಹತ್ತುತ್ತದೆ. ಮನೆಗೆ ಉಳಿಯುವುದು ಪಿಕಿಂಗ್ ಮುಗಿದ ಮೇಲೆ ಗಿಡದ ಬುಡದಲ್ಲಿ ಹೆಕ್ಕಿದ ಉದುರು ಹಣ್ಣು, ನೀರಿನಲ್ಲಿ ತೇಲಿದ ಜೊಳ್ಳು, ಹುಳು ತೂತು ಕೊರೆದ ಬೀಜ, ಮತ್ತು ಇವುಗಳ ಜೊತೆ ಬಂದ ಒಂದಿಷ್ಟು ಮಣ್ಣು. ಅದನ್ನೇ ಹುರಿದು, ಪುಡಿ ಮಾಡಿಸಿ, ವರ್ಷವಿಡೀ ಕುಡಿಯುತ್ತೇವೆ. ಇದು ನನ್ನೊಬ್ಬನ ಜಿಪುಣತನ ಎಂದುಕೊಳ್ಳಬೇಡಿ. ನಮ್ಮಪ್ಪನೂ ಇದನ್ನೇ ಕುಡಿದರು, ಅವರಪ್ಪನೂ ಇದನ್ನೇ ಕುಡಿದರು. ಒಳ್ಳೆಯ ಬೀಜ ಮನೆಗೆ ಇಟ್ಟುಕೊಂಡವನಿಗೆ ತೋಟ ಮಾಡಲು ಬರುವುದಿಲ್ಲ ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗೆ ನೋಡುತ್ತಾರೆ ಅಷ್ಟೆ.

ನಾನು ಕುಡಿದು ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾನು ಅದರ ಬಗ್ಗೆ ಭಾಷಣ ಬೇರೆ ಮಾಡುತ್ತಿದ್ದೆ. ಉದುರು ಕಾಫಿಗೆ ಇರುವ ಖಡಕ್ಕು ಬೇರೆ ಯಾವುದಕ್ಕೂ ಇಲ್ಲ, ನೆಲದ ಸಾರ ಅದಕ್ಕೇ ಇಳಿದಿರುತ್ತದೆ, ಲಾರಿ ಹತ್ತುವ ಕಾಫಿ ನೋಡಲು ಮಾತ್ರ ಚೆಂದ, ಹೀಗೆಲ್ಲ. ನನ್ನ ಹೆಂಡತಿ ಸರೋಜ ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ಗುಟುಕು ಕುಡಿದು ನನ್ನ ಮುಖ ನೋಡಿದ್ದಳು. ಆ ವರ್ಷ ಪಿಕಿಂಗ್ ಶುರುವಾದಾಗ, "ರೀ, ಈ ಸಲ ಒಂದೇ ಒಂದು ಮೂಟೆ ಒಳ್ಳೇದು ಮನೆಗೆ ಇಟ್ಕೊಳ್ಳೋಣ" ಎಂದಳು. ಮುಂದಿನ ವರ್ಷ ನೋಡೋಣ ಎಂದೆ. ಮುಂದಿನ ವರ್ಷವೂ ಕೇಳಿದಳು, ನಾನೂ ಅದನ್ನೇ ಹೇಳಿದೆ. ಏಳು ವರ್ಷ ಹೀಗೆ ನಡೆಯಿತು. ಎಂಟನೆಯ ವರ್ಷ ಅವಳು ಕೇಳಲಿಲ್ಲ. ಅಂತೂ ಇವಳಿಗೂ ರುಚಿ ಹತ್ತಿತು ಎಂದು ನನಗೆ ಸಂತೋಷವಾಯಿತು. ಹೆಂಡತಿ ಕೇಳುವುದನ್ನು ನಿಲ್ಲಿಸಿದರೆ ಒಪ್ಪಿಕೊಂಡಳು ಎಂದು ತಿಳಿಯುವ ಗಂಡಸರದ್ದೊಂದು ಸಂಘ ಏನಾದರೂ ಇದ್ದರೆ ಅದರ ಅಧ್ಯಕ್ಷಗಿರಿಗೆ ನನ್ನ ಎದುರು ಯಾರೂ ನಿಲ್ಲಲಾರರು.

ಹೀಗೆ ಇಪ್ಪತ್ತಾರು ವರ್ಷ ಸುಖವಾಗಿ ಕಳೆದ ಮೇಲೆ, ಈ ಜನವರಿಯಲ್ಲಿ ನನಗೆ ಕಷ್ಟ ಬಂತು. ನಮ್ಮ ಮಗಳು ಅನಿತ ಶನಿವಾರಸಂತೆಯಲ್ಲಿ ಶಾಲೆಯ ಟೀಚರು. ಅದೇ ಶಾಲೆಯಲ್ಲಿ ಗಣಿತ ಹೇಳುವ ಪ್ರಶಾಂತ ಎಂಬ ಹುಡುಗನನ್ನು ಒಪ್ಪಿದ್ದಳು. ಹುಡುಗ ಒಳ್ಳೆಯವನು, ನಮ್ಮದೇನೂ ತಕರಾರಿಲ್ಲ. ತೊಂದರೆ ಇದ್ದದ್ದು ಹುಡುಗನ ಅಪ್ಪ ನಂಜುಂಡಯ್ಯನವರದು. ಅವರು ಹಾಸನದ ಕಡೆ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತು ವರ್ಷ ಕಾಫಿಯ ರುಚಿ ನೋಡಿ ನಿವೃತ್ತರಾದವರು. ಸಾಲಾಗಿ ಇಟ್ಟ ಬಟ್ಟಲುಗಳಿಂದ ಚಮಚದಲ್ಲಿ ಸೊರ್ ಎಂದು ಎಳೆದು, ಬಾಯಲ್ಲಿ ಹೊರಳಾಡಿಸಿ, ಉಗಿದು, ಇದು ಇಂಥ ಇಳಿಜಾರಿನದು, ಇದು ಸರಿಯಾಗಿ ಒಣಗಿಲ್ಲ ಎಂದು ಹೇಳುವ ಕೆಲಸ. ಒಮ್ಮೆ ಯಾರೋ ಬೆಳೆಗಾರನಿಗೆ, ನಿಮ್ಮ ಕಣದಲ್ಲಿ ಆಡು ಕಟ್ಟುತ್ತೀರಾ ಎಂದು ಕೇಳಿದ್ದರಂತೆ. ಕಟ್ಟುತ್ತಿದ್ದನಂತೆ. ಇಂಥವರು ಮುಂದಿನ ಭಾನುವಾರ ನಮ್ಮ ಮನೆ ನೋಡಲು ಬರುವವರಿದ್ದರು.

"ಅವ್ರು ಜಾತಕ ಗೀತಕ ಏನೂ ಕೇಳಲ್ಲ ಅಪ್ಪ" ಎಂದಳು ಅನಿತ, "ಒಂದು ಲೋಟ ಕಾಫಿ ಕುಡಿದ್ರೆ ಮನೆಯೋರು ಎಂಥೋರು ಅಂತ ಗೊತ್ತಾಗ್ಬಿಡುತ್ತೆ ಅಂತಾರಂತೆ." ಅವಳು ಇದನ್ನು ನಗುತ್ತಾ ಹೇಳಿದರೂ ಬೆರಳಿಗೆ ಸೆರಗು ಸುತ್ತಿಕೊಳ್ಳುತ್ತಿದ್ದಳು. ನನಗೆ ಮಗಳ ಮೇಲೆ ಬಹಳ ಪ್ರೀತಿ. ನನ್ನ ಡಬ್ಬಿಯ ಪುಡಿಯಿಂದ ಅವಳ ಮದುವೆ ತಪ್ಪಿಹೋಗಬಾರದು ಎಂದು ಎದ್ದುಹೋಗಿ ಅಡುಗೆಮನೆಯ ಕಪಾಟು ತಡಕಿದೆ.

ಕಾಫಿ ಮಾಡುವ ಉಪಕರಣಗಳಿಗೆ ನಮ್ಮ ಮನೆಯಲ್ಲಿ ಕೊರತೆಯಿಲ್ಲ. ಸರೋಜಳ ತವರಿನಿಂದ ಬಂದ ಹಿತ್ತಾಳೆ ಫಿಲ್ಟರ್ ಇದೆ. ನಮ್ಮ ಪುಡಿಗೆ ಅದರಿಂದ ಡಿಕಾಕ್ಷನ್ ಇಳಿಯುವುದೇ ಇಲ್ಲ. ಅದರ ತಲೆಯ ಮೇಲೆ ಚಮಚದಲ್ಲಿ ಕುಟ್ಟಿ ಕುಟ್ಟಿ ಮುಚ್ಚಳ ನೆಗ್ಗಿಹೋಗಿದೆ. ಯಾರೋ ಗೃಹಪ್ರವೇಶಕ್ಕೆ ಕೊಟ್ಟ ಗಾಜಿನ ಪ್ರೆಸ್ ಒಂದಿದೆ. ಮೇಲಿನಿಂದ ಹಿಡಿ ಒತ್ತಿದರೆ ಪುಡಿ ಕೆಳಗೆ ಹೋಗಿ ಕಾಫಿ ಮೇಲೆ ನಿಲ್ಲಬೇಕು. ನಾನು ಒತ್ತಿದಾಗ ಕಾಫಿ ಗೋಡೆಯ ಮೇಲೆ ನಿಂತಿತು, ಆ ಜಾಗದಲ್ಲಿ ಈಗ ಕ್ಯಾಲೆಂಡರ್ ತೂಗುಹಾಕಿದ್ದೇವೆ. ಒಲೆಯ ಮೇಲಿಟ್ಟರೆ ಗೊರಗೊರ ಎಂದು ಕೆಳಗಿನ ನೀರು ಮೇಲೆ ಹತ್ತುವ ಇಟಲಿಯ ಪಾತ್ರೆಯೊಂದಿದೆ, ಅದನ್ನು ಹಚ್ಚಿ ನಾವೆಲ್ಲ ಅಂಗಳಕ್ಕೆ ಹೋಗಿ ನಿಲ್ಲುತ್ತೇವೆ. ಇವೆಲ್ಲ ಬಿಟ್ಟರೆ ಮನೆಯಲ್ಲಿ ಕೆಲಸಕ್ಕಿರುವ ಲಕ್ಷ್ಮಮ್ಮ ತೋಟದ ಆಳುಗಳಿಗೆ ಹತ್ತು ಗಂಟೆಗೆ ಮಾಡುವ ಬೆಲ್ಲದ ಕಾಫಿ. ಬೆಲ್ಲದ ನೀರು ಕುದಿಸಿ, ಪುಡಿ ಹಾಕಿ, ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸುವುದು. ಅದನ್ನು ಬೀಗರ ಮುಂದೆ ಇಡಲಾದೀತೇ?

ಬುದ್ಧಿ ನೆಟ್ಟಗಿರುವ ಯಾರಾದರೂ ಇಲ್ಲಿ ಏನು ಮಾಡುತ್ತಿದ್ದರು ಎಂದು ನನಗೆ ಗೊತ್ತು. ಸ್ಟೋರಿನಲ್ಲಿ ಈ ವರ್ಷದ ಮೊದಲ ಕೊಯ್ಲಿನ ಮೂಟೆಗಳು ಲಾರಿಗಾಗಿ ಕಾದು ಕುಳಿತಿದ್ದವು. ಒಂದರ ಬಾಯಿ ಬಿಚ್ಚಿ ಎರಡು ಸೇರು ತೆಗೆದರೆ ಕೆಲಸ ಮುಗಿಯುತ್ತಿತ್ತು. ನಾನು ಸ್ಟೋರಿಗೆ ಹೋಗಿಯೂ ಹೋಗಿದ್ದೆ. ಮೂಟೆಯ ಮೇಲೆ ಕೈ ಇಟ್ಟೆ. ಬಾಯಿ ಹೊಲಿದ ಮೂಟೆ ಮನೆ ಖರ್ಚಿಗೆ ಬಿಚ್ಚುವುದೆಂದರೆ ನನ್ನ ಕೈ ಮೇಲೇಳಲಿಲ್ಲ. ಬಾಗಿಲು ಹಾಕಿಕೊಂಡು ಬಂದು, ಮೈಸೂರಿಗೆ ಬಸ್ಸು ಹತ್ತಿ, ಪಾಡ್ ಕಾಫಿ ಮೆಷೀನು ತಂದೆ.

ಈ ಮೆಷೀನು ನೋಡದವರಿಗೆ ಹೇಳುತ್ತೇನೆ. ಮಕ್ಕಳ ಗಿಲಕಿಯಷ್ಟು ದೊಡ್ಡ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಒಂದು ಚಿಟಿಕೆ ಪುಡಿ ತುಂಬಿ ಮೊಹರು ಮಾಡಿರುತ್ತಾರೆ, ಅದೇ ಪಾಡ್. ಅದನ್ನು ಒಂದು ಪಟ್ಟಿಯಲ್ಲಿ, ಪಟ್ಟಿಯನ್ನು ಒಂದು ಡಬ್ಬಿಯಲ್ಲಿ, ಡಬ್ಬಿಯನ್ನು ಇನ್ನೊಂದು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ನಮ್ಮ ಕಡೆ ಮದುವಣಗಿತ್ತಿಗೂ ಇಷ್ಟು ಸುತ್ತುವುದಿಲ್ಲ. ಡಬ್ಬಿಯ ಮೇಲೆ "ತೀವ್ರತೆ ಎಂಟು" ಎಂದಿತ್ತು. ಸುಟ್ಟ ಬಾದಾಮಿ, ಕಾಡುಹಣ್ಣು, ಚಾಕೊಲೇಟಿನ ಛಾಯೆ ಎಂದೂ ಇತ್ತು. "ಕಾಫಿ ಛಾಯೆ ಯಾವ್ದ್ರಲ್ಲಿದೆ?" ಎಂದು ಸರೋಜ ಕೇಳಿದಳು. ನಾನು ಗುಂಡಿ ಒತ್ತಿದೆ. ಮೆಷೀನು ರೈಸ್ ಮಿಲ್ಲಿನ ಹಾಗೆ ಗುರುಗುಟ್ಟಿ, ನಡುಗಿ, ಮೇಜಿನ ಮೇಲೆ ಎರಡಂಗುಲ ನಡೆದು, ಕಣ್ಣಿಗೆ ಬಿಡುವ ಔಷಧಿಗಿಂತ ಸ್ವಲ್ಪ ಜಾಸ್ತಿ ಕಾಫಿ ಬಿಟ್ಟಿತು. ಮೇಲೆ ಒಂದಿಷ್ಟು ನೊರೆ. ನನ್ನ ಲೋಟ ಅರ್ಧ ತುಂಬಲು ನಾಲ್ಕು ಪಾಡ್ ಬೇಕಾದವು. ಖಾಲಿ ಪಾಡುಗಳನ್ನು ಕೈಯಲ್ಲಿ ಹಿಡಿದು ನೋಡಿದ ಲಕ್ಷ್ಮಮ್ಮ, "ದೀಪ ಹಚ್ಚಾಕೆ ಚೆನ್ನಾಗೈತೆ" ಎಂದು ಎತ್ತಿಟ್ಟುಕೊಂಡಳು. ಆ ಮೆಷೀನಿನಿಂದ ಆದ ಉಪಕಾರ ಅದೊಂದೇ.

ಡಬ್ಬಿಯ ಕೆಳಗೆ ಸಣ್ಣ ಅಕ್ಷರದಲ್ಲಿ "ಆಯ್ದ ಬೆಟ್ಟದ ತೋಟಗಳ ಕಾಫಿ" ಎಂದಿತ್ತು. ಯಾವ ಬೆಟ್ಟ ಎಂದು ಬರೆದಿರಲಿಲ್ಲ. ನನ್ನ ಸ್ಟೋರಿನಲ್ಲಿ ಬೆಟ್ಟದ ಕಾಫಿ ಮೂಟೆ ಮೂಟೆ ಇರುವಾಗ ನಾನು ಬಸ್ಸಿನಲ್ಲಿ ಹೋಗಿ ಚಿಟಿಕೆ ಚಿಟಿಕೆ ತಂದಿದ್ದೆ. ಸರೋಜ ಇದನ್ನು ಎತ್ತಿ ಆಡಲಿಲ್ಲ. "ಇದಕ್ಕೆ ಕರೆಂಟ್ ಬೇಕಲ್ವಾ?" ಎಂದಷ್ಟೇ ಕೇಳಿದಳು. ಬೇಕು ಎಂದೆ. "ಸರಿ" ಎಂದಳು.

ಭಾನುವಾರ ಹನ್ನೊಂದು ಗಂಟೆಗೆ ನಂಜುಂಡಯ್ಯ, ಅವರ ಹೆಂಡತಿ, ಪ್ರಶಾಂತ ಬಂದರು. ಹನ್ನೊಂದೂಕಾಲಿಗೆ ಕರೆಂಟ್ ಹೋಯಿತು. ಕೊಡ್ಲಿಪೇಟೆ ಕಡೆ ಕರೆಂಟ್ ಹೋಗಲು ಮಳೆ ಗಾಳಿ ಏನೂ ಬೇಕಿಲ್ಲ, ಮನೆಗೆ ನೆಂಟರು ಬಂದರೆ ಸಾಕು. ಇನ್ವರ್ಟರಿಗೆ ಹಾಕಿದೆ. ಮೆಷೀನು ಒಮ್ಮೆ ಗುರ್ ಎಂದಿತು, ಇನ್ವರ್ಟರು ಕುಂಯ್ ಎಂದಿತು, ಆಮೇಲೆ ಎರಡೂ ಸುಮ್ಮನಾದವು. ಹೊರಗೆ ನಂಜುಂಡಯ್ಯನವರು ಕಾಲು ಮಡಿಸಿ ಕುಳಿತು ನಮ್ಮ ಕಣದ ಕಡೆ ನೋಡುತ್ತಿದ್ದರು. ಅನಿತ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ಮೆಷೀನಿನ ಮೇಲೆ ಟವೆಲ್ ಮುಚ್ಚಿ, ಇನ್ನು ದೇವರಿಟ್ಟ ಹಾಗಾಗಲಿ ಎಂದು ಹೊರಗೆ ಬಂದು ಕುಳಿತೆ.

ಸರೋಜ ತಟ್ಟೆ ತಂದಳು. ಬಿಸಿಬಿಸಿ ಬೆಲ್ಲದ ಕಾಫಿ. ನೆಂಟರಿಗೆ ಸಣ್ಣ ಲೋಟಗಳು, ನನಗೆ ನನ್ನ ಹೆಸರು ಕೊರೆಸಿದ ದೊಡ್ಡ ಸ್ಟೀಲ್ ಲೋಟ. ನನಗೆ ಯಾವಾಗಲೂ ಅದರಲ್ಲೇ ಕೊಡುವುದು. ನಂಜುಂಡಯ್ಯನವರು ಲೋಟ ಎತ್ತಿ ಮೂಸಿದರು. ಸೊರ್ ಎಂದು ಎಳೆದರು. ಕಣ್ಣು ಮುಚ್ಚಿದರು. ಎಲ್ಲಿ ಉಗಿಯುತ್ತಾರೋ ಎಂದು ನಾನು ಹೂವಿನ ಕುಂಡವನ್ನು ಕಾಲಿನಲ್ಲೇ ಸ್ವಲ್ಪ ಅವರ ಹತ್ತಿರ ಸರಿಸಿದೆ. ಅವರು ಉಗಿಯಲಿಲ್ಲ. ಪೂರ್ತಿ ಕುಡಿದು, ಲೋಟದ ತಳ ನೋಡಿ, "ಇನ್ನೊಂದು ಲೋಟ ಸಿಗುತ್ತಾ ತಾಯಿ?" ಎಂದು ಸರೋಜಳನ್ನು ಕೇಳಿದರು.

ನಾನೂ ಒಂದು ಗುಟುಕು ಕುಡಿದು ನೋಡಿದೆ. ಅದೇ ಗೋಣಿಚೀಲದ ವಾಸನೆ, ಅದೇ ಸುಟ್ಟ ಕೊರಡಿನ ಕಹಿ. ಮನುಷ್ಯನ ಜೊತೆ ಅವನ ನಾಲಿಗೆಗೂ ನಿವೃತ್ತಿಯಾಗಿದೆ ಎಂದು ಲೆಕ್ಕ ಹಾಕಿದೆ. ಇಲ್ಲವೇ ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದೇ ಸತ್ಯ! ಧೈರ್ಯ ಬಂದದ್ದೇ ನನ್ನ ಹಳೆಯ ಭಾಷಣ ಬಾಯಿಗೆ ಬಂತು. "ನಮ್ಮ ತೋಟದ್ದೇ ಸರ್, ಉದುರು ಕಾಫಿ. ಒಳ್ಳೇದೆಲ್ಲ ಲಾರಿಗೆ ಕಳಿಸ್ತೀವಿ. ಆದ್ರೆ ಇದರ ಖಡಕ್ಕೇ ಬೇರೆ" ಎಂದೆ.

ನಂಜುಂಡಯ್ಯನವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಆಮೇಲೆ ಮುಂದಕ್ಕೆ ಬಾಗಿ, ನನ್ನ ಕೈಯಲ್ಲಿದ್ದ ಲೋಟದ ಹತ್ತಿರ ಮೂಗು ತಂದು, ಹಿಂದಕ್ಕೆ ಸರಿದು ಕುಳಿತರು.

"ನಿಮ್ಮ ಲೋಟದಲ್ಲಿರೋದು ಉದುರು ಕಾಫಿ ಸ್ವಾಮಿ. ನಮಗೆ ಕೊಟ್ಟಿರೋದು ಅದಲ್ಲ. ಇದು ಮೊದಲನೇ ಕೊಯ್ಲಿನದು, ಹಣ್ಣನ್ನೇ ಆರಿಸಿದ್ದು. ಎರಡು ಬೇರೆ ಬೇರೆ ಪಾತ್ರೇಲಿ ಮಾಡಿದ್ದಾರೆ."

ಸರೋಜ ಸರಿಯಾಗಿಯೇ ಇದ್ದ ಸೆರಗನ್ನು ಮತ್ತೆ ಸರಿಮಾಡಿಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ಲಕ್ಷ್ಮಮ್ಮ, ಇದರಲ್ಲೇನು ವಿಶೇಷ ಎಂಬಂತೆ, "ಅಯ್ನೋರ್ದು ಯಾವಾಗ್ಲೂ ಬ್ಯಾರೇನೆ ಅಲ್ವಾ" ಎಂದಳು. "ಅಪ್ಪಂಗೆ ಅದೇ ಇಷ್ಟ ಮಾವ, ನಾವೇನು ಮಾಡೋಣ" ಎಂದಳು ನನ್ನ ಮಗಳು.

ವಿಷಯ ಆಗ ಹೊರಬಿತ್ತು. ಸರೋಜ ಕೇಳುವುದನ್ನು ನಿಲ್ಲಿಸಿದ ಆ ಎಂಟನೆಯ ವರ್ಷದಿಂದ, ಅಂದರೆ ಹತ್ತೊಂಬತ್ತು ವರ್ಷದಿಂದ, ಮೂಟೆ ಹೊಲಿಯುವ ಮುಂಚೆ ದಿನಕ್ಕೊಂದು ಮೊರದಷ್ಟು ಒಳ್ಳೆಯ ಕಾಫಿ ಕಣದಿಂದ ನೇರ ಅಡುಗೆಮನೆಗೆ ಹೋಗುತ್ತಿತ್ತು. ಮನೆಯವರು ಅದನ್ನು ಕುಡಿಯುತ್ತಿದ್ದರು. ಲಕ್ಷ್ಮಮ್ಮ ಅದನ್ನು ಕುಡಿಯುತ್ತಿದ್ದಳು. ತೋಟದ ಆಳುಗಳು ಹತ್ತು ಗಂಟೆಗೆ ಅದನ್ನೇ ಕುಡಿಯುತ್ತಿದ್ದರು, ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ ಅದನ್ನೇ ಕುಡಿದು ಹೋಗುತ್ತಿದ್ದ. ಆಳುಗಳು ತುಟಿ ಚಪ್ಪರಿಸುವುದನ್ನು ನೋಡಿ ಉದುರು ಕಾಫಿಯ ಮಹಿಮೆ ಎಂದು ಅವರಿಗೇ ಭಾಷಣ ಮಾಡಿದ್ದು ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ಅವರೆಲ್ಲ ಎಷ್ಟು ಗಂಭೀರವಾಗಿ ತಲೆದೂಗಿದ್ದರು. ಇಡೀ ತೋಟದಲ್ಲಿ ಕಸ ಕುಡಿಯುತ್ತಿದ್ದವನು ಯಜಮಾನ ಒಬ್ಬನೇ.

"ಬೀಜ ಆರಿಸಿದ್ದು ಯಾರು?" ಎಂದು ನಂಜುಂಡಯ್ಯನವರು ಕೇಳಿದರು. "ನಮ್ಮ ಅನಿತಾನೇ. ಏಳನೇ ಕ್ಲಾಸಿಂದ ಅವಳೇ ಆರಿಸೋದು" ಎಂದಳು ಸರೋಜ. ಅವರು ಲೋಟದ ತಳವನ್ನು ಇನ್ನೊಮ್ಮೆ ನೋಡಿದರು. "ಕೆಟ್ಟ ಕಪ್ಪು ಬೀಜ ಒಂದೂ ಬಿದ್ದಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೈಚಾಚಿದರು. "ನಿಮ್ಮ ಲೋಟ ಇತ್ಲಾಗೆ ಕೊಡಿ ಬೀಗ್ರೆ, ನೋಡೋಣ." ಒಂದು ಗುಟುಕು ಎಳೆದರು, ಹೂವಿನ ಕುಂಡ ಹತ್ತಿರವೇ ಇದ್ದದ್ದು ಅನುಕೂಲವಾಯಿತು. ಅವಮಾನದಲ್ಲಿ ಮುಳುಗಿದ್ದ ನನಗೆ ಅವರು ನನ್ನನ್ನು ಏನೆಂದು ಕರೆದರು ಎಂಬುದು ಗೊತ್ತಾಗಲಿಲ್ಲ. ಅನಿತಳಿಗೆ ಗೊತ್ತಾಗಿ ಒಳಗೆ ಓಡಿದಳು.

ಮದುವೆ ಏಪ್ರಿಲ್‌ಗೆ ಇಟ್ಟಿದ್ದೇವೆ. ಮೆಷೀನನ್ನು ಹುಡುಗ ಹುಡುಗಿಗೆ ಉಡುಗೊರೆ ಕೊಡುತ್ತೇನೆ ಎಂದೆ, ಇಬ್ಬರೂ ಒಟ್ಟಿಗೆ ಬೇಡ ಎಂದರು. ಗಂಡ ಹೆಂಡತಿಯಾಗುವ ಮೊದಲೇ ಎಂಥ ಹೊಂದಾಣಿಕೆ! ಬೀಗರು ಬಂದುಹೋದ ಮರುದಿನ ಬೆಳಿಗ್ಗೆ ಸರೋಜ ಒಲೆಯ ಮುಂದೆ ನಿಂತು, "ಯಾವುದು ಕೊಡ್ಲಿ?" ಎಂದು ಕೇಳಿದಳು. ಲಕ್ಷ್ಮಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು. ಅನಿತ ಪೇಪರು ಕೆಳಗಿಳಿಸಿದಳು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಇಪ್ಪತ್ತಾರು ವರ್ಷದ ಭಾಷಣ ಅಡ್ಡ ಬಂತು. "ನಂದೇ ಕೊಡು" ಎಂದೆ. ಅವಳು ನನ್ನ ದೊಡ್ಡ ಲೋಟ ತುಂಬಿ ಕೊಟ್ಟಳು.

ಈಗ ದಿನಾ ಹತ್ತು ಗಂಟೆಗೆ ಪಿಕಿಂಗ್ ನೋಡುವ ನೆಪದಲ್ಲಿ ತೋಟಕ್ಕೆ ಹೋಗುತ್ತೇನೆ. ಲಕ್ಷ್ಮಮ್ಮ ಪಾತ್ರೆ ತಂದು ಇಳಿಸುತ್ತಾಳೆ, ಆಳುಗಳು ಲೋಟ ಹಿಡಿದು ಸಾಲು ನಿಲ್ಲುತ್ತಾರೆ, ನಾನು ಯಾರದೋ ಟಿಫಿನ್ ಡಬ್ಬಿಯ ಮುಚ್ಚಳ ಹಿಡಿದು ಕೊನೆಯಲ್ಲಿ ನಿಲ್ಲುತ್ತೇನೆ. ಯಾರೂ ಏನೂ ಕೇಳುವುದಿಲ್ಲ, ಅಷ್ಟರಮಟ್ಟಿಗೆ ಅವರು ದೊಡ್ಡವರು. ನಿನ್ನೆ ನನ್ನ ಸರದಿ ಬರುವಷ್ಟರಲ್ಲಿ ಲಕ್ಷ್ಮಮ್ಮ ಪಾತ್ರೆ ಓರೆ ಮಾಡಿ ಒಳಗೆ ಇಣುಕಿ ನೋಡಿ, "ಒಳ್ಳೇದೆಲ್ಲ ಖಾಲಿ ಆಯ್ತು ಅಯ್ಯ, ತಳದ್ದು ಒಂಚೂರು ಉಳ್ದೈತೆ. ನಡೀತದಾ?" ಎಂದಳು.

ನಡೆಯುತ್ತದೆ ಎಂದೆ. ಒಳ್ಳೆಯದೆಲ್ಲ ಹೊರಗೆ ಹೋದ ಮೇಲೆ ಮನೆಯವರಿಗೆ ಅಷ್ಟು ಸಾಕು.